ಅಳಿಯಂದಿರು ಹಂಚಿದ್ದು

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಕಳಿಸುವ ತಂತ್ರಾಂಶ ಬರೆಯುವುದೇ ಹೊಟ್ಟೆಪಾಡಾದ ಮನುಷ್ಯ, ತನ್ನ ಸ್ವಂತ ಮನೆಯಲ್ಲಿ ಪೆನ್‌ಡ್ರೈವ್ ಹಿಡಿದುಕೊಂಡು ಹಜಾರದ ಈ ತುದಿಯಿಂದ ಆ ತುದಿಗೆ ಓಡಾಡಬೇಕಾಗಿ ಬಂದರೆ ಮುಖ ಎಲ್ಲಿಟ್ಟುಕೊಳ್ಳಬೇಕು? ಅಳಿಯಂದಿರ ಸಂಕಟ ಇದೇ ಆಗಿತ್ತು. (ಅವರನ್ನು ‘ಅಳಿಯಂದಿರು’ ಎಂದು ಕರೆಯುವವರು ಅತ್ತೆ ಒಬ್ಬರೇ. ಆದರೆ ಆ ಮನೆಯಲ್ಲಿ ಅತ್ತೆ ಕರೆದದ್ದೇ ಹೆಸರು.)

ಮನೆಯಲ್ಲಿ ಮೂರು ಕಂಪ್ಯೂಟರ್. ಹೆಂಡತಿ ಹಲ್ಲಿನ ಡಾಕ್ಟರು. ಪ್ರಿಂಟರ್ ಇದ್ದದ್ದು ಅವರ ಕಂಪ್ಯೂಟರಿಗೆ. ಅತ್ತೆ ಮೂವತ್ತನಾಲ್ಕು ವರ್ಷ ಭಾಷೆ ಕಲಿಸಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಈಗ ಮಕ್ಕಳಿಗೊಂದು ವ್ಯಾಕರಣದ ಅಭ್ಯಾಸ ಪುಸ್ತಕ ಬರೆಯುತ್ತಿದ್ದರು. ಮೂರಕ್ಕೂ ಹಠ ಹಿಡಿದು ಮಾಮೂಲಿ ಆಪರೇಟಿಂಗ್ ಸಿಸ್ಟಂ ಕಿತ್ತು ಲಿನಕ್ಸ್ ಹಾಕಿದವರು ಅಳಿಯಂದಿರು. ಯಾಕೆಂದು ಕೇಳಿದ್ದಕ್ಕೆ ‘ಸ್ವಾತಂತ್ರ್ಯ’ ಎಂದಿದ್ದರು. ಆ ಸ್ವಾತಂತ್ರ್ಯ ಬಂದಂದಿನಿಂದ ಅತ್ತೆಯ ಒಂದು ಪುಟ ಪ್ರಿಂಟ್ ಆಗಬೇಕಾದರೂ ಮನೆಮಂದಿಯೆಲ್ಲ ಪೆನ್‌ಡ್ರೈವ್ ಹುಡುಕಬೇಕಾಗಿತ್ತು.

“ನೆಟ್‌ವರ್ಕಲ್ಲೇ ಹಂಚ್ಕೋಬಹುದು” ಎಂದು ಅವರು ಒಮ್ಮೆ ಹೆಂಡತಿಗೆ ವಿವರಿಸಿದ್ದುಂಟು. “ಮೊದಲು ಒಂದು ಸರ್ವರ್ ಪ್ರೋಗ್ರಾಂ ಹಾಕ್ಬೇಕು. ಆಮೇಲೆ ಅದರ ಸೆಟ್ಟಿಂಗ್ ಫೈಲಲ್ಲಿ ಒಂಬತ್ತು ಸಾಲು ಕೈಯಾರೆ ಬರೀಬೇಕು. ಆಮೇಲೆ ಬೇರೆ ಪಾಸ್‌ವರ್ಡ್...”

“ಇರೋ ಪಾಸ್‌ವರ್ಡ್ ಸಾಲ್ದಾ?”

“ಸಾಲಲ್ಲ. ಆಮೇಲೆ ಒಂದ್ಸಲ ಲಾಗೌಟ್ ಆಗಿ...”

“ರೀ, ಬುದ್ಧಿಹಲ್ಲು ಕೀಳುವಾಗ್ಲೂ ನಾನು ಇಷ್ಟು ಹಿಂಸೆ ಕೊಡಲ್ಲ. ಅದಕ್ಕೆ ಮರಗಟ್ಟೋ ಇಂಜೆಕ್ಷನ್ನಾದ್ರೂ ಇದೆ” ಎಂದರು ಡಾಕ್ಟರು.

ಮಾತು ನಾಟಿತು. ಅಳಿಯಂದಿರು ಆಫೀಸಿನಲ್ಲಿ ಆ ಕೆಲಸವನ್ನು ಕೇಳಿ ಹಾಕಿಸಿಕೊಂಡರು. ಫೋಲ್ಡರುಗಳನ್ನು ತೆರೆದು ತೋರಿಸುತ್ತದಲ್ಲ, ಆ ಫೈಲ್ ಮ್ಯಾನೇಜರ್ ಕಿಟಕಿಯಲ್ಲೇ ರೈಟ್ ಕ್ಲಿಕ್ ಮಾಡಿದರೆ ‘ಹಂಚು’ ಎಂದು ಬರಬೇಕು. ಒತ್ತಿದರೆ ಮನೆಯ ವೈಫೈಯಲ್ಲಿರುವ ಎಲ್ಲರಿಗೂ ಕಾಣಬೇಕು. ನಾಲ್ಕು ತಿಂಗಳು ಅದೇ ಧ್ಯಾನ. “ಸರ್, ಹಂಚೋ ಮುಂಚೆ ಒಂದ್ಸಲ ‘ನಿಜವಾಗ್ಲೂ ಹಂಚಬೇಕಾ’ ಅಂತ ಕೇಳೋಣ” ಎಂದು ತಂತ್ರಾಂಶ ಪರೀಕ್ಷಿಸುವ ಹುಡುಗಿ ಮೂರು ಸಲ ಹೇಳಿದ್ದಳು. “ಪ್ರಶ್ನೆ ಕೇಳಿ ಜನರ ತಲೆ ತಿನ್ನಬಾರದಮ್ಮ” ಎಂದು ಅಳಿಯಂದಿರು ಮೂರು ಸಲವೂ ಉಪದೇಶ ಮಾಡಿ ಕಳಿಸಿದ್ದರು.

ಭಾನುವಾರ ಬೆಳಿಗ್ಗೆ ಹಜಾರದಲ್ಲಿ ಲೋಕಾರ್ಪಣೆ. ಹೆಂಡತಿ, ಅತ್ತೆ ಇಬ್ಬರನ್ನೂ ಕುರ್ಚಿ ಹಾಕಿ ಕೂರಿಸಿದ್ದಾಯಿತು. ಅಳಿಯಂದಿರ ಎಲ್ಲ ಸರಕೂ ಇರುವ ದೊಡ್ಡ ಫೋಲ್ಡರಿನ ಹೆಸರು ‘ಮನೆ’. ಅದನ್ನು ತೆರೆದು ಮೆನು ತೋರಿಸಿದರು. ಅತ್ತೆ ಕನ್ನಡಕ ಏರಿಸಿ ಓದಿದರು.

“ಮನೆ... ಹಂಚು. ಎಲ್ಲಾದ್ರೂ ಸೋರ್ತಿದೆಯಾ?”

“ಸೂರಿನ ಹಂಚಲ್ಲ ಅತ್ತೆ. ಹಂಚೋದು. ಕ್ರಿಯಾಪದ.”

“ಓಹೋ, ಮನೆ ಪಾಲು ಮಾಡ್ತಿದ್ದೀರಿ. ನಾನಿನ್ನೂ ಕೂತಿದ್ದೀನಲ್ಲ!”

ಡಾಕ್ಟರು ಕಿಸಕ್ಕೆಂದರು. ಆ ಗಡಿಬಿಡಿಯಲ್ಲಿ ಅಳಿಯಂದಿರ ಮೌಸು ‘ಫೋಟೋ’ ಎಂಬ ಫೋಲ್ಡರಿನ ಮೇಲೆ ನಿಲ್ಲುವ ಬದಲು ಒಂದು ಬೆರಳಗಲ ಪಕ್ಕಕ್ಕೆ, ಖಾಲಿ ಜಾಗದಲ್ಲಿ ನಿಂತಿತು. ಖಾಲಿ ಜಾಗ ಒತ್ತಿದರೆ ಹಂಚಿಕೆಯಾಗುವುದು ಇಡೀ ‘ಮನೆ’ ಎಂಬುದು ಜಗತ್ತಿನಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತಿರಬೇಕಿತ್ತು. ಕೆಳಗೆ ಎರಡು ಚೌಕ: ‘ಪಾಸ್‌ವರ್ಡ್ ಇಲ್ಲದೆ ಬರಬಹುದು’, ‘ಬಂದವರು ತಿದ್ದಲೂಬಹುದು’. ಕೊಡುವಾಗ ಕೈ ಬಿಗಿ ಯಾಕೆಂದು ಎರಡಕ್ಕೂ ಟಿಕ್ ಹಾಕಿದರು.

ಅತ್ತೆಯ ಕಂಪ್ಯೂಟರಿನಲ್ಲಿ ಕ್ಷಣಾರ್ಧದಲ್ಲಿ ಅಳಿಯಂದಿರ ಫೋಟೋಗಳೆಲ್ಲ ಪ್ರತ್ಯಕ್ಷವಾದವು. “ಪರವಾಗಿಲ್ವೇ!” ಎಂದರು ಡಾಕ್ಟರು. ಆ ಬಾಯಿಂದ ಬರುವ ಪ್ರಶಂಸೆಯಲ್ಲಿ ಇದು ಅತ್ಯುಚ್ಚ. ಅಳಿಯಂದಿರು ಹಂಚಿಕೆಯ ಮಹಿಮೆಯ ಬಗ್ಗೆ ಹತ್ತು ನಿಮಿಷ ಭಾಷಣ ಬಿಗಿದು, ಊಟ ಮಾಡಿ, ದಿಗ್ವಿಜಯ ಮಾಡಿ ಬಂದವರಂತೆ ಮಲಗಿಬಿಟ್ಟರು.

ನಾಲ್ಕು ಗಂಟೆಗೆ ಎದ್ದು ಕಾಫಿಗೆ ಬಂದಾಗ ಅತ್ತೆ ಮೇಜಿನ ಮುಂದೆ ಪೆನ್ಸಿಲ್ ಹಿಡಿದು ಕೂತಿದ್ದರು. ಡಾಕ್ಟರು ಯಾಕೋ ಕಿಟಕಿಯಾಚೆ ನೋಡುತ್ತಿದ್ದರು.

“ಅಳಿಯಂದ್ರೇ, ಒಂದು ಅನುಮಾನ. ‘ನಮ್ಮನ್ನಗಲಿದರು’ ಅಂತ ಬರೆದ್ಮೇಲೆ ಮತ್ತೆ ‘ಇಹಲೋಕ ತ್ಯಜಿಸಿದರು’ ಅಂತಾನೂ ಬರೆಯೋದು ಪುನರುಕ್ತಿ ಅಲ್ವಾ?”

ಅಭ್ಯಾಸ ಪುಸ್ತಕದ ಪ್ರಶ್ನೆ ಎಂದುಕೊಂಡರು ಅಳಿಯಂದಿರು. ಭಾಷೆಯ ವಿಷಯದಲ್ಲಿ ಅತ್ತೆ ಅವರ ಅಭಿಪ್ರಾಯ ಕೇಳಿದ್ದು ಒಂಬತ್ತು ವರ್ಷದಲ್ಲಿ ಇದೇ ಮೊದಲು. ಗಂಟಲು ಸರಿಮಾಡಿಕೊಂಡರು. “ಒಂದನ್ನ ತೆಗೆದುಬಿಡಿ ಅತ್ತೆ. ಒಂದ್ಸಲ ಹೋದ್ರೆ ಸಾಕು.”

“ಸಾಕು ಅಲ್ವಾ?”

“ಧಾರಾಳ. ಅಂದ ಹಾಗೆ, ಯಾರು ಹೋದ್ರು?”

“ನಾನು.”

ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು. ಅತ್ತೆ ಹಾಳೆಯನ್ನು ಅವರತ್ತ ಸರಿಸಿದರು. ಹಾಳೆಯ ನೆತ್ತಿಯ ಮೇಲೆ ಫೈಲಿನ ಹೆಸರು: ‘ಅತ್ತೆ-ಶ್ರದ್ಧಾಂಜಲಿ-ಅಂತಿಮ-೩’.

ಎರಡು ವರ್ಷದ ಹಿಂದೆ ಅತ್ತೆ ನ್ಯುಮೋನಿಯಾ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಧೈರ್ಯವಾಗಿರಿ ಎಂದು ಅಲ್ಲಿಯ ಡಾಕ್ಟರು ಹೇಳಿದ ದಿನ, ಎಲ್ಲದಕ್ಕೂ ಮುಂಚಿತವಾಗಿ ತಯಾರಿರುವ ಅಳಿಯಂದಿರು ಪತ್ರಿಕೆಗೆ ಕೊಡುವುದಕ್ಕೆಂದು ಇದನ್ನು ಬರೆದಿಟ್ಟಿದ್ದರು. ಅತ್ತೆ ತಮ್ಮ ಕಾಲ ಮೇಲೆ ನಡೆದು ಮನೆಗೆ ಬಂದರು. ಫೈಲು ‘ಮನೆ’ ಫೋಲ್ಡರಿನಲ್ಲೇ ಉಳಿಯಿತು.

“ಆಸ್ಪತ್ರೆ ಬೆಂಚಿನ ಮೇಲೆ ಟೈಪ್ ಮಾಡ್ತಿದ್ದದ್ದು ಇದಾ?” ಹೆಂಡತಿ ತಿರುಗಿದರು. “ಆಫೀಸ್ ಕೆಲಸ ಅಂದ್ರಿ. ಪಾಪ ಅಂತ ಎರಡು ಸಲ ಕಾಫಿ ತಂದ್ಕೊಟ್ಟೆನಲ್ರೀ ನಾನು!”

“ಎರಡು ವರ್ಷದ ಹಿಂದಿನ ಮಾತು ಕಣೇ. ಗಾಬರಿಯಲ್ಲಿ ಏನೋ...”

“ನಾನು ತೆಗೆದಾಗ ಕೊನೇ ತಿದ್ದುಪಡಿ ಹೋದ ತಿಂಗಳು ಹನ್ನೆರಡನೇ ತಾರೀಕು ಅಂತ ತೋರಿಸ್ತಿತ್ತು” ಎಂದರು ಅತ್ತೆ.

ಅಳಿಯಂದಿರ ಕಿವಿ ಸುಡತೊಡಗಿತು. ಆ ದಿನ ಅತ್ತೆ ಬೆಳಿಗ್ಗೆಯಿಂದ ನಾಲ್ಕೈದು ಸಲ ಕೆಮ್ಮಿದ್ದರು. ಇವರು ಮೆಲ್ಲಗೆ ಫೈಲು ತೆಗೆದು ಎಪ್ಪತ್ತೊಂದು ಎಂದಿದ್ದ ವಯಸ್ಸನ್ನು ಎಪ್ಪತ್ತಮೂರು ಮಾಡಿದ್ದರು.

“ಕೆಮ್ಮಿದ್ದಕ್ಕೇನಾ?” ಹೆಂಡತಿಗೂ ಆ ದಿನ ನೆನಪಾಯಿತು.

“ಕಫ ಇತ್ತು” ಎಂದು ಗೊಣಗಿದರು ಅಳಿಯಂದಿರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. “ತಪ್ಪಾಯ್ತು ಅತ್ತೆ. ಈಗ್ಲೇ ಅಳಿಸಿಬಿಡ್ತೀನಿ.”

“ಯಾಕೆ ಅಳಿಸ್ತೀರಿ?” ಅತ್ತೆ ಹಾಳೆಯನ್ನು ಮತ್ತೆ ಎಳೆದುಕೊಂಡು ನಿಧಾನವಾಗಿ ಓದಿದರು. “‘ಮಾತು ಬಿರುಸು, ಕೈ ಮೃದು. ಮಗಳ ಗಂಡ ಎರಡು ಸಲ ಕೆಲಸ ಕಳೆದುಕೊಂಡಾಗಲೂ ಒಂದು ಮಾತು ಎತ್ತಿ ಆಡಿದವರಲ್ಲ.’ ಇದನ್ನ ನೀವೇ ಬರೆದ್ರಾ?”

“ಹೂಂ.”

“ಒಂಬತ್ತು ವರ್ಷ ಒಂದೇ ಮೇಜಲ್ಲಿ ಊಟ ಮಾಡಿದ್ದೀವಿ. ಇದರಲ್ಲಿ ಒಂದು ವಾಕ್ಯ ನನ್ನೆದುರಿಗೆ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಅದಕ್ಕೂ ನಾನು ಸಾಯ್ಲೇಬೇಕಿತ್ತಾ?”

ಕೆಮ್ಮಿಗಾದರೂ ಕಫದ ನೆಪವಿತ್ತು. ಅಳಿಯಂದಿರು ಮೇಜಿನ ಮೇಲಿನ ಗೀರುಗಳನ್ನು ಎಣಿಸುತ್ತಾ ಕೂತರು. ನಾಚಿಕೆ ಅನ್ನುವುದು ಬೆನ್ನಿನ ಮೇಲೆ ಬೆವರಾಗಿ ಇಳಿಯುತ್ತದೆಂದು ಅವರಿಗೆ ಅಂದೇ ತಿಳಿದದ್ದು.

ಆಗ ಕರೆಗಂಟೆ ಸದ್ದಾಯಿತು. ಪ್ರತಿ ಭಾನುವಾರ ಹರಟೆಗೆ ಬರುವ ಅತ್ತೆಯ ಹಳೆಯ ಗೆಳತಿ, ಗಣಿತದ ಟೀಚರು. ಇದೇ ಸಮಯವೆಂದು ಅಳಿಯಂದಿರು ರೂಮಿನ ಕಡೆ ಜಾರಿದರು.

“ಎಲ್ಲಿಗೆ? ಬನ್ನಿ ಇಲ್ಲಿ. ನಿಂತ್ಕೊಂಡು ಓದಿ. ಇವಳೂ ಕೇಳ್ಲಿ.”

“ಅತ್ತೆ, ದಯವಿಟ್ಟು...”

“ಇವಳಿಗೆ ಮೊದಲೇ ಮಂಡಿನೋವು. ಆ ದಿನ ಬರೋಕಾಗುತ್ತೋ ಇಲ್ವೋ.”

“ಏನೇ ಅದು, ಪದ್ಯಾನಾ?” ಗಣಿತದ ಟೀಚರು ಕುರ್ಚಿ ಎಳೆದುಕೊಂಡರು.

“ನನ್ನ ಶ್ರದ್ಧಾಂಜಲಿ ಕಣೇ. ಅಳಿಯಂದಿರು ಬರೆದಿದ್ದಾರೆ.”

“ಹೌದಾ! ಎಷ್ಟು ಪುಟ?”

ಎರಡು ಪುಟ. ಅಳಿಯಂದಿರು ಪಾಠ ಒಪ್ಪಿಸುವ ಮಗುವಿನಂತೆ ನಿಂತು ಓದಿದರು. ಬಿರುಸು ಮಾತಿನ ಸಾಲನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದರು. ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡರು. ಅಳಿಯಂದಿರು ಪುಟ ಮಗುಚಿದರು. ಅಲ್ಲಿದ್ದದ್ದು ಒಂದೇ ಸಾಲು, ಅವರು ಬರೆದದ್ದಲ್ಲ. (ಬಂದವರು ತಿದ್ದಲೂಬಹುದು ಎಂದು ಟಿಕ್ ಹಾಕಿದವರು ತಾವೇ ಅಲ್ಲವೇ?)

“‘ಅತ್ತೆ, ನೀವು ಬದುಕಿರುವಾಗಲೇ ಹೇಳುತ್ತಿದ್ದೇನೆ, ನೀವು...’” ಅಳಿಯಂದಿರು ನಿಂತರು. “ಇಲ್ಲಿ ಬರೀ ಗೀಟು ಇದೆ.”

“ಬಿಟ್ಟ ಸ್ಥಳ” ಎಂದರು ಅತ್ತೆ. “ತುಂಬಿ.”

ಮೂವರು ಹೆಂಗಸರು, ಆರು ಕಣ್ಣು. ಬರೆಯುವಾಗ ಧಾರೆಯಾಗಿ ಹರಿದಿದ್ದ ಮಾತೆಲ್ಲ ಎಲ್ಲಿ ಅಡಗಿತೋ. ಅಳಿಯಂದಿರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

“ನೀವು... ಚೆನ್ನಾಗಿದ್ದೀರಿ.”

ಗಣಿತದ ಟೀಚರು ಗೆಳತಿಯ ಕಡೆ ಬಾಗಿದರು. “ಹತ್ತಕ್ಕೆ ಎಷ್ಟು ಕೊಡ್ತೀಯೇ?”

“ಮೂರು” ಎಂದರು ಅತ್ತೆ. “ಅದೂ ಉಚ್ಚಾರಣೆಗೆ. ಎಲ್ಲಿ, ಇನ್ನೊಂದ್ಸಲ ಹೇಳಿ.”