ನನಗಿಂತ ಮೊದಲು ಹೊರಟ ಚೀಲ

ಜನ ಊರಿಗೆ ಹೇಗೆ ಹೋಗುತ್ತಾರೆ ಎನ್ನುವುದು ನನಗೆ ಮೊದಲಿನಿಂದಲೂ ಒಂದು ಕುತೂಹಲ. ಬೇರೆಯವರ ಮನೆಗಳಲ್ಲಿ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಚೀಲ ಹೆಗಲಿಗೆ ಹಾಕಿಕೊಂಡು, ‘ಹೋಗಿ ಬರ್ತೀನಿ’ ಅಂದು ಹೋಗಿಯೇ ಬಿಡುತ್ತಾರಂತೆ. ಮಾಳಮಡ್ಡಿಯ ನಮ್ಮ ಮನೆಯಲ್ಲಿ ಹಾಗೆ ಹೋದವರು ಈವರೆಗೆ ಯಾರೂ ಇಲ್ಲ. ನಮ್ಮಲ್ಲಿ ಊರಿಗೆ ಹೋಗುವುದೆಂದರೆ ಮೊದಲು ಪಂಚಾಂಗ ಒಪ್ಪಬೇಕು, ಆಮೇಲೆ ಅಜ್ಜಿ ಒಪ್ಪಬೇಕು, ಆಮೇಲೆ ಎದುರುಮನೆಯ ಬೆಕ್ಕು ಒಪ್ಪಬೇಕು, ಕೊನೆಗೆ ಬಸ್ಸು. ಇವರೆಲ್ಲರಲ್ಲಿ ಬಸ್ಸೇ ಸ್ವಲ್ಪ ಹೊಂದಿಕೊಂಡು ಹೋಗುವ ಸ್ವಭಾವದ್ದು. ಇಷ್ಟೆಲ್ಲ ಆಗಿ ಹೊಸ್ತಿಲು ದಾಟುವಾಗ ಯಾರಾದರೂ ‘ಎಲ್ಲಿಗೆ?’ ಅಂದುಬಿಟ್ಟರೆ ಮುಗಿಯಿತು. ತಿರುಗಿ ಬಂದು, ಕುಳಿತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಒಮ್ಮೆ ನಮ್ಮ ಅಪ್ಪ ಬರೀ ಕಾಯಿಪಲ್ಯೆ ತರಲು ಹೊರಟಿದ್ದರು. ಓಣಿಯವರೆಲ್ಲ ಸರದಿಯ ಮೇಲೆ ‘ಎಲ್ಲಿಗೆ ರಾಯರು?’ ಎಂದು ಕೇಳಿದರು. ಅಪ್ಪ ಬಂದು ಬಂದು ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡು, ‘ಇವತ್ತ ಬರೇ ಬ್ಯಾಳಿ ಸಾರು ಸಾಕು’ ಎಂದು ಪೇಪರು ಹಿಡಿದು ಕುಳಿತುಬಿಟ್ಟರು.

ಇಂಥ ಮನೆಯಿಂದ ದಿನಾ ಬೆಳಿಗ್ಗೆ ಹೊರಬಿದ್ದು ಅಮರಗೋಳದ ಒಂದು ಆಫೀಸಿಗೆ ಹೋಗಿ ನೌಕರಿ ಮಾಡುತ್ತೇನೆ ಎನ್ನುವುದೇ ನನ್ನ ದೊಡ್ಡ ಸಾಧನೆ. ಆಫೀಸಿನಲ್ಲಿ ನನಗೆ ಇಬ್ಬರು ಗೆಳತಿಯರು. ಶಿರಗುಪ್ಪಿಯಿಂದ ಬರುವ ಶಕ್ಕು, ಹಳೇ ಹುಬ್ಬಳ್ಳಿಯ ತಸ್ಲೀಮಾ. ನಮ್ಮ ಮನರಂಜನೆಗೆ ಸಿನಿಮಾ, ಮಾಲು ಏನೂ ಬೇಡ. ಸಂಜೆ ಬಸ್ಸಿನಲ್ಲಿ ಎದುರಿಗೆ ಕುಳಿತವರ ಚೀಲದಲ್ಲಿ ಏನಿದೆ ಎಂದು ಊಹಿಸುವುದು ನಮ್ಮ ಆಟ. ಇದರಲ್ಲಿ ನಾನು ಪಂಟರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದರೆ ತುಪ್ಪ ಅಥವಾ ಮೊಸರು. ಕಾಲ ಕೆಳಗೆ ಒತ್ತಿದ್ದರೆ ಉಳ್ಳಾಗಡ್ಡಿ. ಎದೆಗೆ ಅವಚಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರೆ ಅದರಲ್ಲಿ ಹೊಸ ಸೀರೆ ಇದೆ, ಅದರ ಸುದ್ದಿ ಮನೆಯಲ್ಲಿ ಇನ್ನೂ ಹೇಳಿಲ್ಲ. ಯಾರ ಚೀಲವೇ ಇರಲಿ, ನನ್ನ ಕಣ್ಣು ತಪ್ಪಿಸುವುದು ಕಷ್ಟ ಎಂದು ನಾನು ಬೀಗುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಕುಳಿತಾಗ ಮೂವರೂ ಸಮುದ್ರ ನೋಡಿಲ್ಲ ಎನ್ನುವುದು ಗೊತ್ತಾಯಿತು. ನಾಲ್ಕೈದು ತಾಸಿನ ದಾರಿ, ಇಷ್ಟು ವಯಸ್ಸಾದರೂ ನೋಡಿಲ್ಲ! ಅಲ್ಲೇ ಠರಾವು ಪಾಸಾಯಿತು. ರವಿವಾರ ಕಾರವಾರಕ್ಕೆ ಹೋಗುವುದು, ಸೋಮವಾರ ರಜೆ ಹಾಕಿ ಬರುವುದು. ಷರತ್ತು ಒಂದೇ. ಹಿರಿಯರು ಯಾರೂ ಬೇಡ. ಈ ಷರತ್ತು ಹಾಕಿದವಳು ನಾನೇ. ಹಿರಿಯರ ಜೊತೆಗಿನ ಪ್ರವಾಸ ನನಗೆ ಚೆನ್ನಾಗಿ ಗೊತ್ತು. ಅವರು ಊರು ನೋಡುವುದಿಲ್ಲ, ಊರಿನಲ್ಲಿ ಬಿಸಿನೀರು ಎಲ್ಲಿ ಸಿಗುತ್ತದೆ ಎಂದು ನೋಡುತ್ತಾರೆ. ಒಮ್ಮೆಯಾದರೂ ‘ಸ್ವೆಟರ್ ಹಾಕ್ಕೋ’ ಎನ್ನುವವರಿಲ್ಲದ ಊರಿನಲ್ಲಿ ಒಂದು ದಿನ ಇರಬೇಕು ಎಂಬ ಆಸೆ ನನಗೆ ಹುಚ್ಚು ಹಿಡಿಸಿತ್ತು. ಆ ಇಬ್ಬರ ಮನೆಯಲ್ಲೂ ಹೇಗೋ ಒಪ್ಪಿದರು. ಉಳಿದದ್ದು ನನ್ನ ಮನೆ. ಅವ್ವ ತನ್ನ ಎಂದಿನ ಉತ್ತರ ಕೊಟ್ಟಳು: “ಅಜ್ಜೀನ್ನ ಕೇಳು.”

ಅಜ್ಜಿ ಕನ್ನಡಕ ಏರಿಸಿ ಪಂಚಾಂಗ ತೆಗೆದಳು. “ರವಿವಾರ ಪಶ್ಚಿಮಕ್ಕ ಶೂಲಿ ಅದ. ಆ ದಿಕ್ಕಿಗೆ ಹೋಗಬಾರದು.”

“ಅಜ್ಜಿ, ರವಿವಾರ ಬಿಟ್ರ ನನಗ ಸೂಟಿ ಇಲ್ಲ.”

ನಾನು ಅಳುವುದಕ್ಕೆ ತಯಾರಾಗಿದ್ದೆ. ಆದರೆ ಅಜ್ಜಿ ಪಂಚಾಂಗ ಮುಚ್ಚಿ, ಸಮುದ್ರ ಎಷ್ಟು ದೂರ, ದಂಡೆಯ ಮೇಲೆ ಇಳಿಯಲು ಮೆಟ್ಟಿಲುಗಳಿವೆಯೋ ಹೇಗೆ ಎಂದೆಲ್ಲ ಕೇಳಿದಳು. ಆಮೇಲೆ, “ಪ್ರಸ್ಥಾನ ಇಟ್ಟು ಹೋಗು” ಅಂದಳು.

ಪ್ರಸ್ಥಾನ ಎಂದರೆ ಇಷ್ಟೇ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಒಳ್ಳೆಯ ದಿನ ನೋಡಿ ನಿಮ್ಮ ಬಟ್ಟೆಯ ಗಂಟನ್ನು ಹೋಗುವ ದಿಕ್ಕಿನ ನೆರೆಮನೆಯಲ್ಲಿ ಇಟ್ಟು ಬರಬೇಕು. ಅಲ್ಲಿಗೆ ನೀವು ಹೊರಟಂತೆಯೇ ಲೆಕ್ಕ. ಮರುದಿನ ಅದನ್ನು ಅಲ್ಲಿಂದಲೇ ಎತ್ತಿಕೊಂಡು ಹೋಗುವುದು. ಇಟ್ಟ ಗಂಟು ಮಾತ್ರ ತಿರುಗಿ ಮನೆಗೆ ಬರಬಾರದು, ಹೊಸ್ತಿಲು ದಾಟಿದ ಮೇಲೆ ನೀವೂ ತಿರುಗಿ ಒಳಗೆ ಹೋಗಬಾರದು.

ನನಗೆ ಕುತೂಹಲ ತಡೆಯಲಾಗಲಿಲ್ಲ. “ಅಲ್ಲ ಅಜ್ಜಿ, ಹೋಗಿದ್ದು ಚೀಲ. ನಾ ಇಲ್ಲೇ ಹಾಸಿಗ್ಯಾಗ ಮಲಗಿರ್ತೀನಿ. ಹ್ಯಾಂಗ ಹೊರಟಂಗಾತು?”

“ಬಸ್ಸಿನ ಕಿಟಕ್ಯಾಗಿಂದ ಕರವಸ್ತ್ರ ಒಗದು ಸೀಟ್ ಹಿಡೀತೀರಲ್ಲ, ಆವಾಗ ಹ್ಯಾಂಗ ಕೂತಂಗಾತು?”

ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕರವಸ್ತ್ರ ಸರಿಸಿ ಕುಳಿತ ಹೆಂಗಸಿನ ಜೊತೆ, ಅವಳು ನನ್ನ ತೊಡೆಯ ಮೇಲೇ ಕುಳಿತಳೇನೋ ಎಂಬಂತೆ ಜಗಳ ತೆಗೆದವಳು ನಾನು. ಮಾತು ಬದಲಿಸಲು, “ನೀ ಯಾಕ ಸಮುದ್ರ ನೋಡಿಲ್ಲ ಅಜ್ಜಿ? ಕಾಶಿತನಕ ಹೋಗಿ ಬಂದಾಕಿ!” ಎಂದೆ. “ಪಶ್ಚಿಮ ನನಗ ಕೂಡಿ ಬರಲೇ ಇಲ್ಲ. ಒಮ್ಮೆ ಶೂಲಿ, ಒಮ್ಮೆ ಸೂತಕ, ಒಮ್ಮೆ ನಿಮ್ಮಪ್ಪಗ ಜ್ವರ. ಈಗ ಮೊಣಕಾಲು” ಎಂದು ಅಜ್ಜಿ ಅವರೆಕಾಯಿ ಸುಲಿಯಲು ಕುಳಿತಳು. ನಾನೂ ಒಂದು ಹಿಡಿ ಎತ್ತಿಕೊಂಡು, ಯಾವ ಚೂಡಿದಾರ ಒಯ್ಯಲಿ ಎಂದು ಯೋಚಿಸತೊಡಗಿದೆ.

ಶನಿವಾರ ಸಂಜೆ ಅಜ್ಜಿ ಒಳ್ಳೆಯ ವೇಳೆ ನೋಡಿ, ತಾನೇ ನನ್ನ ಚೀಲದಲ್ಲಿ ಅರಿಷಿಣದ ಕೊಂಬು ಇಟ್ಟು, ತಾನೇ ಝಿಪ್ಪು ಎಳೆದು ಕೊಟ್ಟಳು. ಪಕ್ಕದ ಮನೆ ಕುಸುಮಕಾಕು ಅವರದು. ಕಾಕು ಒಳಗೆಲ್ಲೋ ಇದ್ದರು, ಕಾಕಾ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಕಾಕಾ ಕ್ರಿಕೆಟ್ ನೋಡುವಾಗ ಮನೆಗೆ ಆನೆ ನುಗ್ಗಿದರೂ ‘ಬಾ, ಕೂಡು’ ಅನ್ನುವವರು. “ಕಾಕಾ, ನನ್ನ ಪ್ರಸ್ಥಾನದ ಚೀಲ ಇಲ್ಲಿ ಇಡ್ತೀನ್ರಿ” ಅಂದೆ. “ಇಡು, ಇಡು” ಅಂದರು. ಬಾಗಿಲ ಬಳಿ ಇನ್ನೂ ನಾಲ್ಕು ಚೀಲಗಳು ಸಾಲಾಗಿ ನಿಂತಿದ್ದವು. ನನ್ನದನ್ನೂ ಅವುಗಳ ಪಕ್ಕ ನಿಲ್ಲಿಸಿ ಬಂದೆ. ಬಸ್ಸಿನಲ್ಲಿ ಕಂಡ ಕಂಡವರ ಚೀಲಕ್ಕೆ ತಲೆ ಕೆಡಿಸಿಕೊಳ್ಳುವ ನಾನು, ಕಾಕು ಮನೆಯ ಬಾಗಿಲಲ್ಲಿ ನಾಲ್ಕು ಚೀಲ ಯಾಕೆ ನಿಂತಿವೆ ಎಂದು ಯೋಚಿಸಲೇ ಇಲ್ಲ.

ರವಿವಾರ ನಸುಕಿನಲ್ಲಿ ದೇವರಿಗೆ, ಹಿರಿಯರಿಗೆ ನಮಸ್ಕರಿಸಿ, ಬಲಗಾಲಿಟ್ಟು ಹೊಸ್ತಿಲು ದಾಟಿ, ಕಾಕು ಮನೆಗೆ ಹೋದರೆ ಬಾಗಿಲಿಗೆ ಕೀಲಿ! ನಮ್ಮ ಕಟ್ಟೆಯ ಮೇಲೆ ನಿಂತಿದ್ದ ಅವ್ವ ಮೆಲ್ಲಗೆ, “ಈಗ ಒಂದ ತಾಸಿನ ಹಿಂದ ಇಬ್ಬರೂ ರಿಕ್ಷಾ ಹತ್ತಿದ್ರು ನೋಡು” ಅಂದಳು.

“ಎಲ್ಲಿಗೆ?”

“ನಾ ಹ್ಯಾಂಗ ಕೇಳಲಿ? ಹೊಂಟವರನ್ನ ಎಲ್ಲಿಗೆ ಅಂತ ಕೇಳ್ತಾರೇನು?”

ನೋಡಿ, ನಮ್ಮ ಓಣಿಯ ಶಿಸ್ತು! ಮೊದಲೇ ಹೇಳಿದರೆ ಕೆಲಸ ಕೆಡುತ್ತದೆ ಎಂದು ಕಾಕು ಹೇಳಿರಲಿಲ್ಲ, ಕೇಳಿದರೆ ಅಪಶಕುನ ಎಂದು ಅವ್ವ ಕೇಳಿರಲಿಲ್ಲ. ನಾನು ಎರಡು ಮನೆಗಳ ನಡುವೆ ರಸ್ತೆಯಲ್ಲಿ ನಿಂತೆ. ಚೀಲವಿಲ್ಲದೆ ಮುಂದೆ ಹೋಗುವಂತಿಲ್ಲ, ಹೊಸ್ತಿಲು ದಾಟಿದ್ದರಿಂದ ಒಳಗೂ ಹೋಗುವಂತಿಲ್ಲ. ಅವ್ವ ಅಲ್ಲಿಗೇ ಚಹಾ ತಂದುಕೊಟ್ಟಳು. ಹಾಲಿನವನು ಸೈಕಲ್ ನಿಲ್ಲಿಸಿ, “ಯಾಕ್ರಿ ಅಕ್ಕಾರ, ನಸೀಕಿನ್ಯಾಗ ಎಲ್ಲಿಗ್ರಿ?” ಅಂದ. ಕಟ್ಟೆಯಿಂದ ಅಜ್ಜಿ “ಅಯ್ಯಯ್ಯ!” ಎಂದು ಹಣೆ ಹಣೆ ಬಡಿದುಕೊಂಡಳು. ಕುಳಿತು ನೀರು ಕುಡಿಯಬೇಕಲ್ಲ, ನಾನು ಕಾಕು ಮನೆಯ ಮೆಟ್ಟಿಲ ಮೇಲೆ ಕುಳಿತು ಕುಡಿದೆ. ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ನನ್ನ ಸಮುದ್ರ ಮುಗಿಯಿತು, ಇನ್ನು ಅಜ್ಜಿ ಬಿಡುವುದಿಲ್ಲ ಎಂದುಕೊಂಡೆ.

ಕೊನೆಗೆ ಕಾಕುಗೆ ಫೋನ್ ಹತ್ತಿತು. “ಅಯ್ಯ ನಮ್ಮವ್ವ! ಅದು ನಿಂದೇನ? ನಾ ನಾಲ್ಕ ಚೀಲ ಕಟ್ಟಿದಾಕಿ, ಐದನೇದ್ದು ಎಲ್ಲಿಂದ ಹುಟ್ಟಿತು ಅಂತ ಆಗಿಂದ ವಿಚಾರ ಮಾಡ್ಲಿಕ್ಕೆ ಹತ್ತೀನಿ. ಇವರನ್ನ ಕೇಳಿದ್ರ ‘ನಿಂದ ಇರಬೇಕು’ ಅಂತಾರ! ನಾವು ಗದಗಿನ ಬಸ್ಸಿನ್ಯಾಗ ಇದ್ದೇವಿ. ಇನ್ನೇನು ಶಿರಗುಪ್ಪಿ ಬರ್ತದ.”

ಶಿರಗುಪ್ಪಿ! ಹುಬ್ಬಳ್ಳಿಗೆ ಬರಲು ಶಕ್ಕು ಅದೇ ಹೊತ್ತಿಗೆ ಅಲ್ಲಿಯ ಬಸ್‌ಸ್ಟಾಪಿನಲ್ಲಿ ನಿಂತಿರುತ್ತಾಳೆ. ಚೀಲ ಅವಳ ಕೈಗೆ ಕೊಡಲು ಕಾಕುಗೆ ಹೇಳಿ, ಅವಳಿಗೂ ಫೋನ್ ಹಾಕಿ ವಿಷಯ ತಿಳಿಸಿದೆ. ಆಮೇಲೆ ಹೆದರುತ್ತ ಅಜ್ಜಿಯ ಕಡೆ ನೋಡಿದೆ. ಪಶ್ಚಿಮಕ್ಕೆ ಹೋಗಬೇಕಾದ ಪ್ರಸ್ಥಾನ ಪೂರ್ವಕ್ಕೆ ಹೋಗಿ ಕುಳಿತಿದೆ. ಇದಕ್ಕೆ ಯಾವ ಪಂಚಾಂಗ ಕ್ಷಮೆ ಕೊಡುತ್ತದೆ? ಆದರೆ ಅಜ್ಜಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, “ರವಿವಾರ ಪೂರ್ವಕ್ಕ ದೋಷ ಇಲ್ಲ. ಚೀಲ ಅಡ್ಡಾಡಿ ಬರ್ಲಿ. ನೀ ಹುಬ್ಬಳ್ಳಿಗೆ ನಡಿ, ಆದ್ರ ಅದು ಕೈಗೆ ಸಿಗೂತನಕ ಕಾರವಾರದ ಬಸ್ ಹತ್ತಬ್ಯಾಡ” ಅಂದಳು. ನಾನು ಎರಡು ಹೆಜ್ಜೆ ಹೋಗಿರಲಿಲ್ಲ, “ಕುಸುಮಾ ಚೀಲ ತಗದು ನೋಡಿಲ್ಲಲ್ಲ?” ಎಂದು ಕೇಳಿದಳು. “ಇಲ್ಲ ಅಜ್ಜಿ” ಎಂದು ಓಡಿದೆ.

ಹುಬ್ಬಳ್ಳಿಯಲ್ಲಿ ತಸ್ಲೀಮಾ ಮೂರು ಸೀಟಿನ ಮೇಲೆ ತನ್ನ ದುಪಟ್ಟಾ ಹರಡಿ, ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರನ ಜೊತೆ ವಾದ ಮಾಡುತ್ತಿದ್ದಳು. “ಬರಾಕತ್ತಾರ್ರಿ, ಬರಾಕತ್ತಾರ! ದುಪಟ್ಟಾ ಕುಂತೈತಲ್ರಿ!” ಬಸ್ಸು ಇನ್ನೇನು ಹೊರಡಬೇಕು, ಶಕ್ಕು ನನ್ನ ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡು ಓಡಿಬಂದಳು. “ಬಸ್ ಇನ್ನೂ ನಿಂತಿದ್ದಿಲ್ಲ, ಕಿಟಕ್ಯಾಗಿಂದ ನಿಮ್ಮ ಕಾಕು ಚೀಲ ಹಿಡಕೊಂಡು ‘ಶಕ್ಕು ಯಾರವಾ?’ ಅಂತ ಒದರಾಕತ್ತಿದ್ರು. ನಮ್ಮೂರಾಗ ಶಕ್ಕುಗಳಿಗೆ ಏನ್ ಕಡಿಮಿ? ‘ನಾನರೀ’ ಅಂತ ಮೂರು ಮಂದಿ ಮುಂದ ಬಂದ್ರು. ಹೊಡದಾಡಿ ತಂದೇನಿ ಲೇ!” ಅಂದಳು. ಚೀಲ ಸಿಕ್ಕಿತೆಂದು ಅಜ್ಜಿಗೆ ಫೋನ್ ಮಾಡಿದೆ. “ಛಲೋ ಆತು, ಛಲೋ ಆತು” ಎಂದು ಅಜ್ಜಿ ಅಷ್ಟು ಖುಷಿಪಟ್ಟದ್ದು ನನಗೆ ಆಶ್ಚರ್ಯವೆನಿಸಿತು.

ಮಧ್ಯಾಹ್ನ ಸಮುದ್ರ ಕಂಡಿತು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಹೇಳಲು ನನಗೆ ಬರುವುದೂ ಇಲ್ಲ. ಮೂವರೂ ‘ಅಯ್ಯ!’ ಎಂದು ಬಾಯಿ ತೆರೆದೆವು, ಅಲೆ ಬಂದು ಚಪ್ಪಲಿ ಒಯ್ದಾಗಲೇ ಮುಚ್ಚಿದೆವು. ಬಟ್ಟೆ ಬದಲಿಸೋಣವೆಂದು ಲಾಡ್ಜಿನಲ್ಲಿ ಚೀಲ ತೆರೆದೆ. ನನ್ನ ಚೂಡಿದಾರಗಳ ಕೆಳಗೆ, ಅರಿಷಿಣದ ಕೊಂಬಿನ ಪಕ್ಕ, ಅಚ್ಚುಕಟ್ಟಾಗಿ ಮಡಿಸಿದ ಒಂದು ಹಸಿರು ಖಣದ ಕುಪ್ಪಸ. ಕೆಂಪು ಅಂಚು, ತೋಳಿನ ಹತ್ತಿರ ಹೊಲಿಗೆ ಹಾಕಿದ್ದು. ಹಬ್ಬದ ದಿನ ಮಾತ್ರ ಅಜ್ಜಿ ತೊಡುವ ಕುಪ್ಪಸ.

“ಇದ್ಯಾಕ ತಂದೀಲೇ?” ಅಂದಳು ತಸ್ಲೀಮಾ. ನನಗೆ ಒಮ್ಮೆಲೆ ಎಲ್ಲ ಹೊಳೆಯಿತು. ಅಜ್ಜಿ ಪ್ರಸ್ಥಾನ ಇಟ್ಟದ್ದು ನನ್ನೊಬ್ಬಳಿಗಲ್ಲ. ಹಿರಿಯರು ಬೇಡ ಎಂದು ನಾನು ಷರತ್ತು ಹಾಕಿದ್ದ ಬಸ್ಸಿನಲ್ಲಿ ಅಜ್ಜಿ ಸದ್ದಿಲ್ಲದೆ ತನ್ನ ಸೀಟು ಹಿಡಿದಿದ್ದಳು. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಅವರೆಕಾಯಿ ಸುಲಿಯುತ್ತ ಅವಳು ಅಷ್ಟು ಹೇಳಿದಾಗ ‘ನೀನೂ ಬಾ’ ಎನ್ನಲು ನನಗೆ ಬಾಯಿ ಬರಲಿಲ್ಲವಲ್ಲ! ಕುಪ್ಪಸವನ್ನು ಹೆಗಲ ಮೇಲೆ ಹಾಕಿಕೊಂಡು ಮತ್ತೆ ದಂಡೆಗೆ ಹೋಗಿ, ಅಲ್ಲಿಂದಲೇ ಫೋನ್ ಮಾಡಿದೆ.

“ಅಜ್ಜಿ, ಸಮುದ್ರದ ಮುಂದ ನಿಂತೇವಿ ನೋಡು.”

ನಿಂತೇನಿ ಅನ್ನದೆ ನಿಂತೇವಿ ಅಂದದ್ದು ಅವಳಿಗೆ ತಿಳಿಯಿತು. ಮೆಲ್ಲಗೆ ಕೇಳಿದಳು: “ಭಾಳ ದೊಡ್ಡದ ಅದ ಏನ?”

“ಭಾಳ ಅಂದ್ರ ಭಾಳ. ಆ ಕಡೆ ದಂಡೀನ ಕಾಣೂದಿಲ್ಲ.”

“ಹೌದ? ಫೋನ್ ಅದರ ಕಡೆ ಹಿಡಿ.” ಹಿಡಿದೆ. ಅಲೆಯ ಸಪ್ಪಳವನ್ನು ಅಜ್ಜಿ ಬಹಳ ಹೊತ್ತು ಕೇಳಿದಳು. ಕೊನೆಗೆ, “ಕುಬಸ ತೋಯಿಸಬ್ಯಾಡ, ಉಪ್ಪಿನ ನೀರಿಗೆ ಬಣ್ಣ ಹೋಗ್ತದ. ನೀ ಸ್ವೆಟರ್ ಹಾಕ್ಕೋ” ಎಂದು ಫೋನಿಟ್ಟಳು.

ಆ ಸಂಜೆ ನನಗೆ ಇನ್ನೊಂದು ಯೋಚನೆ ಹತ್ತಿತು. ನಾಳೆ ಸೋಮವಾರ. ಸೋಮವಾರ ಪೂರ್ವಕ್ಕೆ ಶೂಲಿ, ನಾವು ಹೋಗಬೇಕಾದದ್ದು ಪೂರ್ವಕ್ಕೆ. ನನಗೇನೂ ಇಂಥದ್ದರಲ್ಲಿ ನಂಬಿಕೆಯಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಚೀಲದಲ್ಲಿ ಅಜ್ಜಿ ಇದ್ದಾಳೆ, ಅವಳನ್ನು ಕೆಟ್ಟ ದಿನ ಕರೆದುಕೊಂಡು ಹೋಗುವುದು ಹೇಗೆ? ಗೋಡಂಬಿ ಕೊಂಡು ಬರುತ್ತೇನೆ ಎಂದು ಗೆಳತಿಯರಿಗೆ ಸುಳ್ಳು ಹೇಳಿ, ಫೋನಿನಲ್ಲಿ ದಿಕ್ಸೂಚಿ ತೆರೆದು, ಲಾಡ್ಜಿನಿಂದ ನೇರ ಪೂರ್ವಕ್ಕಿದ್ದ ಒಂದು ಚಹಾದಂಗಡಿ ಹುಡುಕಿದೆ. ಅಂಗಡಿಯ ಹೆಂಗಸಿನ ಕೈಯಲ್ಲಿ ಚೀಲ ಕೊಟ್ಟು, “ಅಕ್ಕಾ, ಇದು ಬೆಳಿಗ್ಗೆತನಕ ಇಲ್ಲಿರಲಿ” ಎಂದು ಗೋಗರೆದೆ. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಒಳಗಿಟ್ಟಳು.

ಸೋಮವಾರ ಬೆಳಿಗ್ಗೆ ಗೋಡಂಬಿಯ ಗುಟ್ಟು ರಟ್ಟಾಯಿತು. ರಿಕ್ಷಾದಲ್ಲಿ ಕುಳಿತ ಶಕ್ಕು ಮತ್ತು ತಸ್ಲೀಮಾ ಬಿದ್ದು ಬಿದ್ದು ನಗುತ್ತಿರುವಾಗ, ನಾನು ಅಂಗಡಿಯಿಂದ ಚೀಲ ತೆಗೆದುಕೊಂಡು ರಸ್ತೆಗಿಳಿದೆ. ಹಿಂದಿನಿಂದ ಆ ಹೆಂಗಸು ಪ್ರೀತಿಯಿಂದಲೇ ಕೂಗಿ ಕೇಳಿದಳು: “ಎಲ್ಲಿಗೆ ಹೊರಟದ್ದು ತಂಗಿ?”

“ಲಗೂ ಬಾರಲೇ, ಬಸ್ ಹೊಕ್ಕೈತಿ!” ಎಂದು ಶಕ್ಕು ರಿಕ್ಷಾದಿಂದ ಕಿರುಚಿದಳು. ನಾನು ತಿರುಗಿ ಬಂದು ಅಂಗಡಿಯ ಬೆಂಚಿನ ಮೇಲೆ ಕುಳಿತೆ. ಚೀಲವನ್ನು ಪಕ್ಕದಲ್ಲಿ ಕೂರಿಸಿದೆ.

“ಅಕ್ಕಾ, ಎರಡು ಲೋಟ ನೀರು ಕೊಡ್ರಿ.”

ಇನ್ನೊಬ್ಬರು ಯಾರು ಎಂದು ಆಕೆ ಆಚೀಚೆ ನೋಡಿದಳು. ನಾನು ಎರಡನ್ನೂ ಕುಡಿದೆ.