ಪ್ರಾಣತೋಷ ಬಾಬುವಿನ ಗಂಗಾಜಲ

ಬೆಳಿಗ್ಗೆ ಮಾಳಿಗೆ ಹತ್ತಿದ ಪ್ರಾಣತೋಷ ಬಾಬುವಿಗೆ ತಮ್ಮದೇ ಪುಟ್ಟ ನೀರಿನ ತೊಟ್ಟಿಯಲ್ಲಿ ಏನೋ ಸಣ್ಣಗೆ ಮಿಸುಕಾಡುವುದು ಕಂಡಿತು. ಸೊಳ್ಳೆಮರಿಯೇ ಇರಬೇಕು! ಅಂದು ಮಧ್ಯಾಹ್ನವೇ ಸೊಳ್ಳೆ ತಪಾಸಣೆಗೆ ಹಿರಿಯ ಅಧಿಕಾರಿ ಬರುವವರಿದ್ದರು.

ಉತ್ತರ ಕೋಲ್ಕತ್ತಾದ ಆ ಓಣಿಯ ಡೆಂಗಿ ಸಮಿತಿಗೆ ಬಾಬುವೇ ಅಧ್ಯಕ್ಷರು. ಕಂಡವರ ಮನೆಗೆ ನುಗ್ಗಿ, ಹೂಕುಂಡದ ತಟ್ಟೆಯನ್ನೂ ಬಿಡದೆ ಬಗ್ಗಿಸಿ, ಮೇಲೆ ಉಪದೇಶ ಬೇರೆ ಮಾಡಿ ಬಂದವರು. ಸೊಳ್ಳೆಮರಿ ಸಿಕ್ಕ ಮನೆಯ ಬಾಗಿಲಿಗೆ ಕೆಂಪು ಚೀಟಿ ಅಂಟಿಸುತ್ತಾರೆ. ಅಧ್ಯಕ್ಷರ ಬಾಗಿಲಿಗೇ ಚೀಟಿ ಬಿದ್ದರೆ ಓಣಿಯಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ. ಕೇಳೋಣವೆಂದರೆ ಹೆಂಡತಿ ಮಾಲವಿಕಾ ತಂಗಿಯ ಮನೆಗೆ ಹೋಗಿದ್ದಳು.

ಇಂಥ ನೀರನ್ನು ಚರಂಡಿಗೆ ಬಿಡಬಾರದು, ಒಣನೆಲಕ್ಕೇ ಚೆಲ್ಲಬೇಕು ಎಂದು ಭಾಷಣ ಬಿಗಿದವರೂ ಅವರೇ. ಅಲ್ಲಿ ಒಣನೆಲವೆಂದರೆ ಓಣಿಯ ತುದಿಯ ಕ್ಲಬ್ಬಿನ ಮೈದಾನ ಒಂದೇ. ತೊಟ್ಟಿಯ ನೀರನ್ನೆಲ್ಲ ಹಿತ್ತಾಳೆ ಕೊಡಕ್ಕೆ ಬಗ್ಗಿಸಿ, ಬಾಯಿಗೆ ಬಟ್ಟೆ ಮುಚ್ಚಿ ಹೊರಟರು. ಪಕ್ಕದ ಮನೆಯ ವೃದ್ಧೆ ಖುಕು ಮಾಸಿ ಅಡ್ಡ ಬಂದರು.

"ಏನೋ ಪ್ರಾಣತೋಷ, ಬೆಳ್ಳಂಬೆಳಗ್ಗೆ ಕೊಡ ಹೊತ್ಕೊಂಡು?"

"ಗಂಗಾಜಲ, ಮಾಸಿ."

"ಪುಣ್ಯಾತ್ಮ ಕಣೋ ನೀನು. ನಾಳೆ ಲಕ್ಷ್ಮೀಪೂಜೆ, ನನ್ನ ಮೊಣಕಾಲು ನೋಡಿದ್ರೆ ಗಂಗೆ ಘಾಟಿನ ಮೆಟ್ಟಿಲಿಗೆ ಬರಲ್ಲ ಅಂತದೆ. ಒಂದು ಚೊಂಬು ಹಾಕು."

ಗಂಗೆಯನ್ನು ಕೇಳಿದವರಿಗೆ ಇಲ್ಲವೆನ್ನಲು ಬಾಯಿ ಬಂದೀತೇ? ಹಾಕಿದರು. ಮಾಸಿಯ ದನಿಗೆ ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಚೊಂಬು, ತಂಬಿಗೆ, ತಾಮ್ರದ ಬಿಂದಿಗೆ ಸಾಲುಗಟ್ಟಿದವು. ಮದುವೆ ಪಂಕ್ತಿಯಲ್ಲಿ ಸಾರು ಬಡಿಸಿದ ಹಾಗೆ ಬಾಬು ಬಡಿಸುತ್ತಾ ಹೋದರು.

"ನನ್ನ ಹೂಕುಂಡ ಬಗ್ಗಿಸಿದ ಪಾಪ ಇದ್ರಲ್ಲಿ ತೊಳೆದು ಹೋಯ್ತು ದಾದಾ, ಇನ್ನೊಂಚೂರು ಹಾಕಿ" ಎಂದ ಎದುರುಮನೆಯ ಬಟೋಕೃಷ್ಣ.

ಮೈದಾನ ಬರುವಷ್ಟರಲ್ಲಿ ಕೊಡ ಖಾಲಿ. ಒಂದು ತೊಟ್ಟಿಯಲ್ಲಿದ್ದ ಪೀಡೆ ಈಗ ಓಣಿಯ ಅಷ್ಟೂ ದೇವರ ಕೋಣೆಗಳಲ್ಲಿತ್ತು.

ಮಧ್ಯಾಹ್ನ ಅಧಿಕಾರಿ ಬಂದರು, ಜೊತೆಗೆ ಆರೋಗ್ಯ ಕಾರ್ಯಕರ್ತೆ ಶಿಪ್ರಾ. ಮಾಸಿಯ ಚೊಂಬಿಗೆ ಟಾರ್ಚು ಬಿಟ್ಟು ಅಧಿಕಾರಿ ಹುಬ್ಬೇರಿಸಿದರು. ಬಟೋಕೃಷ್ಣನ ತಂಬಿಗೆಗೂ ಅದೇ ಹುಬ್ಬು. "ಎಲ್ಲಾ ಪ್ರಾಣತೋಷ ಕೊಟ್ಟಿದ್ದು" ಎಂದು ಮಾಸಿ ಹೆಮ್ಮೆಯಿಂದ ಹೇಳಿದರು. ಓಣಿಗೆ ಓಣಿಯೇ ಸುತ್ತ ನೆರೆಯಿತು. ಅಧಿಕಾರಿ ತಮ್ಮತ್ತ ತಿರುಗಿದ್ದೇ ತಡ, ಬಾಬುವಿನ ಧೈರ್ಯ ಉಡುಗಿತು.

"ತಪ್ಪಾಯ್ತು ಸರ್. ಅದು ಗಂಗಾಜಲ ಅಲ್ಲ, ನಮ್ಮ ತೊಟ್ಟಿ ನೀರು. ಸೊಳ್ಳೆಮರಿ ಇತ್ತು. ಚೆಲ್ಲಕ್ಕೆ ಹೊರಟಿದ್ದೆ."

"ಸೊಳ್ಳೆಮರಿನಾ?" ಅಧಿಕಾರಿ ತಬ್ಬಿಬ್ಬಾದರು. "ಇದು ಗಪ್ಪಿ ಮೀನಿನ ಮರಿ, ಬಾಬು. ಸೊಳ್ಳೆಮರಿ ತಿನ್ನುತ್ತೆ. ಮನೆಮನೆಗೂ ಹಂಚಿದ್ದೀರಿ ಅಂತ ನಿಮಗೆ ಶಾಲು ಹೊದಿಸೋಣ ಅಂತಿದ್ದೆ."

"ನಿನ್ನೆ ನೀವು ಭಾಷಣ ಮಾಡ್ತಿದ್ದಾಗ ನಾನೇ ಈ ಮರಿಗಳನ್ನ ಮಾಲವಿಕಾ ಬೌದಿ ಕೈಲಿ ಕೊಟ್ಟಿದ್ದೆ, ತೊಟ್ಟಿಗೆ ಬಿಡಿ ಅಂತ" ಎಂದಳು ಶಿಪ್ರಾ.

ಕೆಂಪು ಚೀಟಿಯೇನೋ ಬೀಳಲಿಲ್ಲ. ಸುಳ್ಳು ಗಂಗಾಜಲವನ್ನು ಮಾಸಿ ಅಲ್ಲೇ ಕ್ಷಮಿಸಿದರು. ಸೊಳ್ಳೆಯನ್ನೇ ಹಂಚಿದ್ದರೂ ಓಣಿ ಕ್ಷಮಿಸುತ್ತಿತ್ತೇನೋ. ಆದರೆ ಬಂಗಾಳಿಯಾಗಿ ಹುಟ್ಟಿ ಮೀನಿನ ಗುರುತು ಹತ್ತಲಿಲ್ಲವೆಂದರೆ?

ಸಂಜೆ ಮೀನಿನಂಗಡಿಯಲ್ಲಿ ಬಾಬು ತಲೆ ತಗ್ಗಿಸಿ ನಿಂತಿದ್ದರು. ಮಾರುವವನು ಮೊಳದುದ್ದದ ಇಲಿಶ್ ಒಂದನ್ನು ಎತ್ತಿ ಅವರ ಮೂಗಿನ ಬಳಿ ಹಿಡಿದ.

"ಸರಿಯಾಗಿ ನೋಡ್ಕೊಳ್ಳಿ ದಾದಾ," ಎಂದ, "ಇದಕ್ಕೆ ಮೀನು ಅಂತಾರೆ."