ನನ್ನ ಆ್ಯಪು, ಅಣ್ಣನ ನೋಟ್‌ಬುಕ್ಕು

ನಾನು ಯಾವಾಗ 'ಅಪ್‌ಡೇಟ್' ಗುಂಡಿ ಒತ್ತಿದರೂ ಹೊಸೂರು ಸೀಮೆಯಲ್ಲಿ ಎಲ್ಲೋ ಒಂದು ಕಡೆ ನನ್ನ ಮಾನ ಹೋಗುತ್ತೆ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ಪ್ರತಿ ಸಲವೂ ಆದರೆ ಏನೋ ಒಂದು ಕಾರಣ ಇರಲೇಬೇಕು. ಕಾರಣ ನನಗೆ ಚೆನ್ನಾಗಿ ಗೊತ್ತು, ನನ್ನ ಹೊಟ್ಟೆಕಿಚ್ಚು. ನಿಮ್ಮ ಹತ್ರ ಮುಚ್ಚಿಟ್ಟು ಏನಾಗಬೇಕು.

ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸದವನು. ಬಂದ ಬಿಡಿಭಾಗ ಅಳತೆಗೆ ಸರಿಯಾಗಿದೆಯಾ ಅಂತ ನೋಡಿ ಸಹಿ ಹಾಕೋದು ನನ್ನ ಕೆಲಸ. ಊರು ಸಾನಮಾವು ಕಾಡಿನ ಮಗ್ಗುಲಲ್ಲಿ, ಒಂದಿಷ್ಟು ರಾಗಿ, ಒಂದಿಷ್ಟು ಟೊಮೇಟೊ. ಭಾನುವಾರ ಮಧ್ಯಾಹ್ನ ಮಾತ್ರ ನಾನು ದಂಡನಾಯಕ. ನಾವು ಹನ್ನೊಂದು ಜನ, ಗುಲಾಬಿ ಬೆಳೆಯೋ ಒಬ್ಬ ಗೌಡರ ಶೆಡ್ಡಿನಲ್ಲಿ ಸೇರಿ ಯುದ್ಧದ ಆಟ ಆಡ್ತೀವಿ. ಗೌಡರೂ ಆ ಹನ್ನೊಂದರಲ್ಲಿ ಒಬ್ಬರು, ಮಿಕ್ಕವರೆಲ್ಲ ನಮ್ಮ ಫ್ಯಾಕ್ಟರಿಯವರೇ. ಹೂವು ಪ್ಯಾಕ್ ಮಾಡೋ ಉದ್ದನೆ ಟೇಬಲ್ಲೇ ರಣರಂಗ. ನಟ್ಟು ಅಂದ್ರೆ ಕಾಲಾಳು, ಬೋಲ್ಟು ಅಂದ್ರೆ ಫಿರಂಗಿ, ಹುಣಸೆಬೀಜ ಅಂದ್ರೆ ಕುದುರೆ. ರಟ್ಟಿನದು ಗುಡ್ಡ, ನೀಲಿ ಪ್ಲಾಸ್ಟಿಕ್ ಹಾಳೆ ನದಿ. ದಾಳ ಹಾಕಿ, ಟೇಪು ಹಿಡಿದು ಅಳೆದು, ದಂಡು ನಡೆಸಬೇಕು.

ಈ ಆಟಕ್ಕೆ ರೂಲುಗಳು ನಮ್ಮ ಫ್ಯಾಕ್ಟರಿಗಿಂತ ಜಾಸ್ತಿ. ಮೂಲದಲ್ಲಿ ಇಂಗ್ಲಿಷಿನ ದಪ್ಪ ಪುಸ್ತಕ. ಅದನ್ನ ನಮ್ಮ ಸ್ಟೋರ್ಸ್‌ನಲ್ಲಿ ಕೂರೋ ಅಣ್ಣ, ಒಡಹುಟ್ಟಿದೋನಲ್ಲ, ಫ್ಯಾಕ್ಟರಿಗೆಲ್ಲ ಅಣ್ಣ, ಕಷ್ಟಪಟ್ಟು ಕನ್ನಡಕ್ಕೆ ಇಳಿಸಿ, ಒಂದು ಉದ್ದನೆ ನೋಟ್‌ಬುಕ್ಕಿನಲ್ಲಿ ಗುಂಡಗೆ ಬರೆದಿಟ್ಟಿದ್ದ. ಜಗಳ ಬಂದ್ರೆ ಎಲ್ಲರೂ ಅವನ ಕಡೆ ತಿರುಗೋರು. ಅವನು ಓದೋವರೆಗೂ ಗಂಡಸರೆಲ್ಲ ಬಾಯಿ ಮುಚ್ಕೊಂಡು ನಿಂತಿರೋರು. ಓದಿದ ಮೇಲೆ ಟೀ ಮೊದಲು ಅವನ ಕೈಗೆ. ನನಗೆ ಆ ಟೀ ಕಂಡ್ರೆ ಹೊಟ್ಟೆ ಉರಿಯೋದು. ಕಂಪನಿ ಬಸ್ಸಿನಲ್ಲಿ ಹೋಗ್ತಾ ಬರ್ತಾ ವಿಡಿಯೊ ನೋಡಿ ಕಲಿತು, ಅದೇ ರೂಲುಗಳನ್ನ ಹಾಕಿ ಒಂದು ಆ್ಯಪು ಮಾಡಿದೆ. ನನಗಿದ್ದದ್ದು ಒಂದೇ ಆಸೆ. ಒಂದೇ ಒಂದು ಭಾನುವಾರ, ಒಂದೇ ಒಂದು ಜಗಳದಲ್ಲಿ, ಅಷ್ಟೂ ಜನ ಅಣ್ಣನ್ನ ಬಿಟ್ಟು ನನ್ನ ಕಡೆ ತಿರುಗಬೇಕು.

ಉಗುಳು

ಮೊದಲನೇ ಭಾನುವಾರ ಎಲ್ಲರ ಫೋನಿಗೂ ನಾನೇ ಆ್ಯಪು ಹಾಕಿಕೊಟ್ಟೆ. ಗೌಡರು ಕನ್ನಡಕ ಏರಿಸಿ ನೋಡಿ, ಬಣ್ಣ ಚೆನ್ನಾಗೈತೆ ಅಂದ್ರು. ಅಣ್ಣ ಒಬ್ಬನೇ ಫೋನು ಜೇಬಿಂದ ತೆಗೀಲಿಲ್ಲ. ತನ್ನ ಕಣ್ಣಿಗೆ ಅವೆಲ್ಲ ಕಾಣಾಕಿಲ್ಲ ಅಂತ ನಗ್ತಾ ಹೇಳಿ ದೂರ ಹೋದ. ಆ ನಗು ನನಗೆ ಹಿಡಿಸಲಿಲ್ಲ.

ಅರ್ಧ ಗಂಟೆಯಲ್ಲಿ ಜಗಳ ಬಂತು. ಫಿರಂಗಿನ ಗುಡ್ಡ ಹತ್ತಿಸಬಹುದಾ, ಇಲ್ವಾ? ನಾನು ಎಲ್ಲರನ್ನೂ ಸರಿಸಿ ಮುಂದೆ ಬಂದು ಫೋನು ತೆಗೆದೆ. 'ಹೊಸ ಅಪ್‌ಡೇಟ್ ಬಂದಿದೆ, ದಯವಿಟ್ಟು ಕಾಯಿರಿ' ಅಂತ ಬಂತು. ಆ ಸಾಲು ಬರೆದೋನೂ ನಾನೇ. ಅಪ್‌ಡೇಟು ಹಾಕಿದ್ದೂ ಆವತ್ತು ಬೆಳಿಗ್ಗೆ ನಾನೇ, ತಲೆಬರಹದ ಬಣ್ಣ ಬದಲಾಯಿಸೋಕೆ. ಶೀಟಿನ ಶೆಡ್ಡಿನೊಳಗೆ ಸಿಗ್ನಲ್ಲು ಒಂದೇ ಕಡ್ಡಿ. ಪರದೆ ಮೇಲೆ ಚಕ್ರ ಸುತ್ತುತಾನೇ ಇತ್ತು.

ಅಷ್ಟರಲ್ಲಿ ಅಣ್ಣ ಬೆರಳು ನಾಲಿಗೆಗೆ ಮುಟ್ಟಿಸಿ, ನಾಲ್ಕು ಹಾಳೆ ತಿರುವಿ, ಫಿರಂಗಿ ಗುಡ್ಡ ಹತ್ತುವಂತಿಲ್ಲ ಅಂತ ಓದಿಬಿಟ್ಟ. ಜಗಳ ಮುಗೀತು, ಟೀ ಬಂತು. ಅಣ್ಣ ಲೋಟ ಹಿಡ್ಕೊಂಡು ನನ್ನ ಹತ್ರ ಬಂದು, ಇನ್ನೂ ಸುತ್ತುತಿದ್ದ ಚಕ್ರ ನೋಡಿ ಹೇಳಿದ, "ನಂದು ಉಗುಳಲ್ಲೇ ಅಪ್‌ಡೇಟ್ ಆಗ್ತದೆ ಕಣ್ಲಾ."

ಹನ್ನೊಂದು ಸಹಿ

ಫ್ಯಾಕ್ಟರಿಯಲ್ಲಿ ಒಂದು ಡ್ರಾಯಿಂಗು ಬದಲಾದ್ರೆ ಸುಮ್ನೆ ಬದಲಾಗಾಕಿಲ್ಲ. ಹಳೇದನ್ನ ವಾಪಸ್ ತಗೊಂಡು ರದ್ದು ಅಂತ ಮೊಹರು ಹೊಡೀಬೇಕು. ಹೊಸದಕ್ಕೆ ಎಲ್ಲಾ ವಿಭಾಗದವರೂ ನೋಡಿದ್ದೀವಿ, ಒಪ್ಪಿದ್ದೀವಿ ಅಂತ ಸಹಿ ಹಾಕಬೇಕು. ಒಂದು ಸಹಿ ಇಲ್ಲ ಅಂದ್ರೂ ಮೆಷೀನು ಓಡಂಗಿಲ್ಲ. ಹದಿನಾಲ್ಕು ವರ್ಷ ಇದನ್ನೇ ಮಾಡಿ ಮಾಡಿ ನನ್ನ ರಕ್ತದಲ್ಲೇ ಸೇರ್ಕೊಂಡುಬಿಟ್ಟಿದೆ.

ಅಣ್ಣನ ನೋಟ್‌ಬುಕ್ಕಲ್ಲಿ ಈ ಶಿಸ್ತು ಎಲ್ಲಿ ಬಂತು? ರೂಲು ಬದಲಾದ್ರೆ ಅಡ್ಡ ಗೀಟು ಹಾಕಿ ಮೇಲೆ ಬರೀತಾನೆ, ಅಷ್ಟೇ. ಅವನಿಗೆ ಬುದ್ಧಿ ಕಲಿಸಬೇಕು ಅಂತ ನಾನು ಆ್ಯಪಿನಲ್ಲಿ ಫ್ಯಾಕ್ಟರಿ ಪದ್ಧತಿ ತಂದೆ. ರೂಲು ಬದಲಾದಾಗ ಒಬ್ಬೊಬ್ಬರೂ 'ಓದಿದ್ದೇನೆ, ಒಪ್ಪಿದ್ದೇನೆ' ಅಂತ ಒತ್ತಬೇಕು. ಅಣ್ಣನ ಪಾಲಿಂದು ನಾನೇ ಒತ್ತಿಕೊಂಡೆ. ಹನ್ನೊಂದೂ ಬೀಳೋವರೆಗೆ ಆ್ಯಪು ಯಾರಿಗೂ ತೆರೆಯಾಕಿಲ್ಲ.

ಆ ಭಾನುವಾರ ಹತ್ತು ಸಹಿ ಬಿತ್ತು. ಹನ್ನೊಂದನೆಯವನು ನಮ್ಮ ಪೇಂಟ್ ಶಾಪಿನವನು, ರಾಯಕೋಟೆಯಲ್ಲಿ ಅತ್ತೆ ಮನೆಗೆ ಹೋಗಿದ್ದ. ಫೋನು ಮಾಡಿದ್ರೆ, ಮಾವನ ಜೊತೆ ಬಾವಿಯಿಂದ ಪಂಪು ಎತ್ತುತಿದ್ದೀನಿ, ಎರಡು ಕೈಲೂ ಹಗ್ಗ ಐತೆ, ಫೋನನ್ನ ಹೆಂಡ್ತಿ ಕಿವಿಗೆ ಹಿಡಿದವ್ಳೆ ಅಂದ. ಹಾಗಾದ್ರೆ ಅವರ ಕೈಲೇ ಒತ್ತಿಸು ಅಂದೆ. ಆಕೆ ಓದದೆ ಯಾವುದಕ್ಕೂ ಒಪ್ಪೋ ಹೆಂಗಸಲ್ಲ. ಮೊದಲಿಂದ ಕೊನೇವರೆಗೂ ಜೋರಾಗಿ ಓದಿದರು. ಓದಿ ಮುಗಿಸಿ, ಸೋತ ದಂಡಿನೋರನ್ನ ಟೇಬಲ್ಲಿಂದ ತೆಗೀಬೇಕು ಅನ್ನೋದು ಅನ್ಯಾಯ, ನಾನು ಒಪ್ಪಾಕಿಲ್ಲ ಅಂದ್ರು.

ನಾನು ಶೆಡ್ಡಿನ ಹೊರಗೆ ಬಿಸಿಲಲ್ಲಿ ನಿಂತು ಆಕೆಗೆ ಯುದ್ಧ ಅಂದ್ರೇನು ಅಂತ ತಿಳಿಸಿ ಹೇಳ್ತಾ ಇದ್ದೆ. ಒಳಗೆ ನೋಟ್‌ಬುಕ್ ಹಿಡಿದು ಎರಡು ಯುದ್ಧ ಮುಗಿಸಿದ್ರು.

ಆನೆ ಯಾರ ಕಡೆ

ಇಂಗ್ಲಿಷ್ ಪುಸ್ತಕದಲ್ಲಿ ಆನೆ ಇಲ್ಲ. ನಮ್ಮ ಸೀಮೆಯಲ್ಲಿ ಆನೆ ಇಲ್ದೆ ಆಟ ಹೆಂಗೆ ಅಂತ ಅಣ್ಣನೇ ಸೇರಿಸಿದ್ದ. ಒಂದು ಹಳೇ ಬೇರಿಂಗೇ ಆನೆ. ದಾಳದಲ್ಲಿ ಎರಡು ಆರು ಬಿದ್ರೆ ಆನೆ ಬಂದಂಗೆ. ಬಂದ್ರೆ ಎರಡು ಕಡೆಯವರೂ ದಾರಿ ಬಿಟ್ಟು ನಿಲ್ಲಬೇಕು, ಯಾರೂ ಸದ್ದು ಮಾಡಬಾರದು. ಅಷ್ಟೇ ರೂಲು. ಎಲ್ಲರಿಗೂ ಅದು ಪ್ರಾಣ. ದೊಡ್ಡ ದೊಡ್ಡ ಗಂಡಸರು ಟೇಬಲ್ ಸುತ್ತ ಉಸಿರು ಬಿಗಿ ಹಿಡಿದು ನಿಂತು ಬೇರಿಂಗು ಉರುಳೋದನ್ನ ನೋಡೋರು.

ಆ ರೂಲು ನಂದಲ್ಲ ಅಂತ ನನಗೆ ಸಂಕಟ. ಸಹಿ ಪದ್ಧತಿ ತೆಗೆದುಹಾಕಿ, ಆ್ಯಪಿನಲ್ಲಿ ಆನೆಗೆ ಬಲ ಹತ್ತು, ವೇಗ ಎಂಟು ಅಂತ ಹಾಕಿ, ದಾಳ ಗೆದ್ದೋರ ಕಡೆ ಆನೆ ಹೋರಾಡುತ್ತೆ ಅಂತ ಅಪ್‌ಡೇಟ್ ಮಾಡಿದೆ. ನಮ್ಮಲ್ಲಿ ಒಬ್ಬ ವೆಲ್ಡರ್ ಇದ್ದಾನೆ, ಕಾಡಂಚಿಗೇ ಅವನ ರಾಗಿ ಹೊಲ. ಅವನು ಓದಿ ಫೋನು ಕೆಳಗಿಟ್ಟ. "ಆನೆ ಯಾರ ಕಡೆಗೂ ಬರಾಕಿಲ್ಲ ಕಣಪ್ಪ. ಅದು ರಾಗಿ ಕಡೆಗೆ ಬರ್ತದೆ" ಅಂದ. ಎಲ್ಲರೂ ಹೌದು ಹೌದು ಅಂತ ತಲೆ ಆಡಿಸಿದ್ರು. ನಾನು ಮಾತ್ರ ಹಟ ಬಿಡಲಿಲ್ಲ, ಆಟ ಬೇರೆ, ಹೊಲ ಬೇರೆ ಅಂತ ವಾದ ಮಾಡಿದೆ.

ಬುಧವಾರ ಬೆಳಿಗ್ಗೆ ಎದ್ದು ನೋಡಿದ್ರೆ ನನ್ನ ಟೊಮೇಟೊ ತೋಟದಲ್ಲಿ ಮೂರು ಸಾಲು ನೆಲಸಮ. ತಂತಿ ಕಿತ್ತೋಗಿತ್ತು, ನಡುವೆ ಬುಟ್ಟಿಯಷ್ಟು ಲದ್ದಿ. ಫ್ಯಾಕ್ಟರಿಗೆ ಹೋಗೋಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಸ್ಟೋರ್ಸ್ ಕಿಟಕಿಯಲ್ಲಿ ಕೈಗವಸು ಕೇಳೋಕೆ ನಿಂತೆ. ಅಣ್ಣ ಪಾಪ, ಅಯ್ಯೋ ಎಷ್ಟು ಹೋಯ್ತೋ ಅಂತ ನಿಜವಾಗ್ಲೂ ಮರುಗಿದ. ಕೈಗವಸು ಕೊಟ್ಟ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೆಲ್ಲಗೆ ಕೇಳಿದ, "ದಾಳ ಯಾರು ಗೆದ್ದಿದ್ರಂತೆ?"

ಅತಿಥಿ

ಯಾರು ಎಷ್ಟು ಸಲ ಆ್ಯಪು ತೆರೆದ್ರು ಅಂತ ನನಗೆ ಕಾಣುತ್ತೆ. ದಿನಾ ಊಟಕ್ಕೆ ಮುಂಚೆ ಅದನ್ನ ನೋಡೋದು ನನಗೆ ಚಟ. ಮಿಕ್ಕವರೆಲ್ಲ ವಾರಕ್ಕೆ ಒಂದು ಸಲ, ಎರಡು ಸಲ. ಆದ್ರೆ ಹೆಸರು ಹಾಕದೆ ಬಂದೋರಿಗೆ ಆ್ಯಪು ಕೊಡೋ 'ಅತಿಥಿ' ಅನ್ನೋ ಹೆಸರಲ್ಲಿ ಯಾರೋ ಒಬ್ಬರು ದಿನಾ ಸಂಜೆ ತಪ್ಪದೆ ತೆರೆಯೋರು. ನಾನು ಅಪ್‌ಡೇಟ್ ಹಾಕಿದ ದಿನವಂತೂ ಗಂಟೆಗಟ್ಟಲೆ ಓದೋರು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಯಾರಿರಬಹುದು ಅಂತ ಹುಡುಕಿದೆ. ಗೌಡರನ್ನ ಕೇಳಿದೆ, ಇಲ್ಲ ಅಂದ್ರು. ವೆಲ್ಡರ್ ಬೈದ. ಕೊನೆಗೆ ಹೆಂಡತಿಗೆ ಹೇಳಿದೆ, ನೋಡು, ನನ್ನ ಬೆಲೆ ತಿಳಿದೋರು ಪ್ರಪಂಚದಲ್ಲಿ ಒಬ್ರಾದ್ರೂ ಅವ್ರೆ ಅಂತ. ಅವಳು ಸೊಪ್ಪು ಬಿಡಿಸ್ತಾ ಇದ್ಲು. ತಲೆ ಎತ್ತದೆ ಹೇಳಿದಳು, "ಪಾಪ, ಅವರಿಗೂ ಮನೇಲಿ ಕೆಲಸ ಇಲ್ಲ ಅನ್ಸುತ್ತೆ."

ನದಿ

ಮಾವಿನ ಕಾಲ ಮುಗಿಯೋ ಹೊತ್ತಿಗೆ ಕೃಷ್ಣಗಿರಿಯಿಂದ ಒಂದು ತಂಡ ನಮ್ಮ ಜೊತೆ ಆಡೋಕೆ ಬರ್ತೀವಿ ಅಂದ್ರು. ಅವರ ನಾಯಕರು ಮಾವಿನ ತಿರುಳು ಡಬ್ಬಿಗೆ ತುಂಬೋ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು, ತೂಕದ ಮನುಷ್ಯ, ಮಾತೆಲ್ಲ ತಮಿಳು, ಆದ್ರೆ ಕನ್ನಡ ಓದೋಕೆ, ತಿಳ್ಕೊಳ್ಳೋಕೆ ಬರುತ್ತೆ. ಹೊರಗಿನೋರು ಬಂದಾಗ ಯಾವುದನ್ನ ನಂಬೋದು, ಆ್ಯಪಾ, ನೋಟ್‌ಬುಕ್ಕಾ? ಗೌಡರು ತೀರ್ಪು ಕೊಟ್ರು. ನೋಟ್‌ಬುಕ್ ಓದೋದು, ಅನುಮಾನ ಬಂದ್ರೆ ಆ್ಯಪು ನೋಡೋದು, ಎರಡೂ ಒಂದೇ ಆದ್ರೆ ಮತ್ತೆ ಮಾತಿಲ್ಲ. ನನಗೆ ಎರಡನೇ ಜಾಗ. ನುಂಗಿಕೊಂಡೆ.

ಆಟ ಬಿಗಿಯಾಯ್ತು. ನಮ್ಮ ಬಾವುಟ ನದಿ ಈಚೆ ಒಂಟಿಯಾಗಿ ನಿಂತಿತ್ತು. ಆಚೆ ದಡದಲ್ಲಿ ಅವರ ಐದು ಹುಣಸೆಬೀಜ. ದಾಟಿದ್ರೆ ಬಾವುಟ ಅವರದ್ದು, ಹೊಸೂರು ಸೋತಂಗೆ. ನದಿ ದಾಟೋಕೆ ಏನಾದ್ರೂ ರೂಲು ಐತಾ ಅಂತ ಸೂಪರ್‌ವೈಸರು ಕೇಳಿದ್ರು. ನಮ್ಮ ಆಟಗಳಲ್ಲಿ ಅಲ್ಲೀವರೆಗೂ ಯಾರೂ ನದಿ ದಾಟಿರಲಿಲ್ಲ. ಅಣ್ಣ ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿ, ಕೋರ್ಟಿನಲ್ಲಿ ಓದೋ ಹಂಗೆ ಓದಿದ.

"ನದಿ ದಾಟುವ ದಂಡು ಈ ಕೆಳಕಂಡವನ್ನು ಹೊಂದಿರತಕ್ಕದ್ದು. ತೊಗರಿಬೇಳೆ ಎರಡು ಕೆಜಿ. ಬೆಲ್ಲ ಒಂದು ಅಚ್ಚು. ಕೊತ್ತಂಬರಿ ಬೀಜ ಕಾಲು ಕೆಜಿ. ಸೀಗೆಪುಡಿ ಒಂದು ಪೊಟ್ಟಣ. ಮರೆಯತಕ್ಕದ್ದಲ್ಲ."

ಬೇಳೆ ಬೆಲ್ಲ ಸರಿ, ದಂಡಿಗೆ ಸೀಗೆಪುಡಿ ಯಾಕೆ ಅಂತ ಸೂಪರ್‌ವೈಸರು ಕೇಳಿದ್ರು. ಅಣ್ಣ ರೆಪ್ಪೆ ಬಡೀಲಿಲ್ಲ. "ನದಿ ಅಲ್ವಾ ಸಾರ್. ಅಷ್ಟು ನೀರು ಕಂಡ ಮೇಲೆ ತಲೆಗೆ ಸ್ನಾನ ಮಾಡ್ದೆ ಹೋಗ್ತಾರಾ?"

ಅವರು ಆ್ಯಪು ತೋರಿಸಿ ಅಂದ್ರು. ತೆರೆದೆ. ಹುಟ್ಟಿದಾಗಿಂದ ಮೊದಲನೇ ಸಲ ಆ್ಯಪು ತಕ್ಷಣ ತೆರೆಯಿತು. ಅದೇ ಬೇಳೆ, ಅದೇ ಬೆಲ್ಲ. ಮೂರು ವಾರದ ಹಿಂದೆ ಬಸ್ಸಿನಲ್ಲಿ ಕೂತು, ನೋಟ್‌ಬುಕ್ಕಲ್ಲಿ ಇಲ್ಲದಿದ್ದ ನದಿ ರೂಲು ಹೊಸದಾಗಿ ಹಾಕುವಾಗ, ಹೆಂಡತಿ ಕಳಿಸಿದ್ದ ಸಾಮಾನು ಪಟ್ಟಿನ ಅಲ್ಲಿ ಅಂಟಿಸಿಬಿಟ್ಟಿದ್ದೆ. ಸರಿ, ಅದು ನನ್ನ ತಪ್ಪು. ಅಣ್ಣನ ನೋಟ್‌ಬುಕ್ಕಿಗೆ ಅದು ಹೆಂಗೆ ಹೋಯ್ತು? ಅಣ್ಣನ ಮುಖ ನೋಡಿದೆ. ಅಣ್ಣ ನೀಲಿ ಹಾಳೆಯ ನದಿ ನೋಡ್ತಾ ನಿಂತ. ಆಗ ತಿಳೀತು, ದಿನಾ ಸಂಜೆ ಬರ್ತಿದ್ದ ಅತಿಥಿ ಯಾರು ಅಂತ.

ಕೋಪ ಬರಬೇಕಿತ್ತು, ನನಗೆ ಖುಷಿ ಆಯ್ತು. ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು. ಎರಡೂ ಒಂದೇ, ರೂಲು ನಿಂತಂಗೆ. ಅವರ ಕುದುರೆಗಳ ಹತ್ರ ಬೇಳೆ ಇಲ್ಲ, ಹೊಸೂರು ಗೆದ್ದಂಗೆ. ಆದ್ರೆ ಆ ಸೂಪರ್‌ವೈಸರು ಮೆಚ್ಚಿಕೊಂಡುಬಿಟ್ರು. ಎಷ್ಟೋ ಕಡೆ ಆಡಿದ್ದೀನಿ, ದಂಡಿನ ಹೊಟ್ಟೆ ಬಗ್ಗೆ ಯೋಚನೆ ಮಾಡಿದೋರನ್ನ ಕಂಡಿಲ್ಲ, ಇದನ್ನ ಬರೆದ ಮಹಾನುಭಾವರು ಯಾರು ಅಂತ ಕೇಳಿದ್ರು. ನಮ್ಮೋರೆಲ್ಲ ಅಣ್ಣನ ಕಡೆ ಕೈ ತೋರಿಸಿದ್ರು. ಅಣ್ಣ ತಲೆ ಬಗ್ಗಿಸಿ, "ಏನೋ, ಅನುಭವದ ಮೇಲೆ ಬರೆದದ್ದು" ಅಂದ. ಗೌಡರು ಬಕೆಟ್ಟಿಂದ ಒಂದು ಕೆಂಪು ಗುಲಾಬಿ ತೆಗೆದು ಅವನ ಜೇಬಿಗೆ ಸಿಕ್ಕಿಸಿದ್ರು.

ಟೀ ಆಗಿದ್ರೆ ತಡ್ಕೊತಿದ್ದೆ. ಗುಲಾಬಿ ತಡಿಯೋಕಾಗಲಿಲ್ಲ.

"ಅದು ನಂದು!" ಅಂತ ಕೂಗಿದೆ. "ನಮ್ಮನೆ ಸಾಮಾನು ಪಟ್ಟಿ ಅದು!" ಹೆಂಡತಿಯ ಮೆಸೇಜು ತೆಗೆದು, ತಾರೀಕು ಸಮೇತ ಒಬ್ಬೊಬ್ಬರ ಮುಖಕ್ಕೂ ಹಿಡಿದೆ. ಸೂಪರ್‌ವೈಸರು ನಿಧಾನವಾಗಿ ಓದಿದ್ರು. ಫೋನು ವಾಪಸ್ ಕೊಟ್ರು. ಐದು ಹುಣಸೆಬೀಜನ ಒಂದೊಂದಾಗಿ ನದಿ ದಾಟಿಸಿ, ನಮ್ಮ ಬಾವುಟ ಎತ್ತಿ ಜೇಬಿಗೆ ಹಾಕ್ಕೊಂಡ್ರು.

ಆಗ ನಮ್ಮ ಹತ್ತೂ ಜನ ಒಟ್ಟಿಗೆ ನನ್ನ ಕಡೆ ತಿರುಗಿದ್ರು. ಇಷ್ಟು ದಿನ ನಾನು ಬಯಸಿದ್ದು ಇದನ್ನೇ. ಅಣ್ಣ ನೋಟ್‌ಬುಕ್ ಮುಚ್ಚಿ, "ಒಳ್ಳೆ ರೂಲಾಗಿತ್ತು ಕಣ್ಲಾ, ಕೆಡಿಸ್ಬುಟ್ಟೆ" ಅಂದ.

ಮನೆಗೆ ಬಂದು ಹೆಂಡತಿಗೆ ಎಲ್ಲಾ ಹೇಳಿದೆ. ಅಣ್ಣನ ಕಳ್ಳತನ ಹೇಳಿದೆ, ಗುಲಾಬಿ ಹೇಳಿದೆ, ನನಗಾದ ಅನ್ಯಾಯ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಳಗೆ ಹೋಗಿ ಖಾಲಿ ಬೇಳೆ ಡಬ್ಬ ತಂದು ನನ್ನ ಮುಂದೆ ಇಟ್ಟಳು.

"ನಾನು ಪಟ್ಟಿ ಕಳಿಸಿ ಮೂರು ವಾರ ಆಯ್ತು. ನಿಮ್ಮಣ್ಣ ಅದನ್ನ ಬರ್ಕೊಂಡ್ರು, ಕೃಷ್ಣಗಿರಿಯೋರು ಓದಿ ಮೆಚ್ಚಿದ್ರು. ಬೇಳೆ ತರೋದು ಯಾವ ಅಪ್‌ಡೇಟಲ್ಲಿ?"